ನಾಗಬನದ ಕೊಂಬೆಯ ಮೇಲಿನ ಕಲ್ಲುಹೂವು: ಜಿಲ್ಲೆಗೆ ಹೊಸದೆಂದು ಹೇಳಲು ಏನೇನು ಬೇಕು?

ಪ್ರಶ್ನೆ: ಬ್ರಹ್ಮಾವರದ ಅಧ್ಯಾಪಕಿ

ಮಾನ್ಯರೇ,

ನಾನು ಬ್ರಹ್ಮಾವರದ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಎರಡು ವರ್ಷಗಳಿಂದ ಮರದ ತೊಗಟೆ, ಕೆಂಪುಕಲ್ಲಿನ ಪಾಗಾರ ಮತ್ತು ಹಳೆಯ ಹಂಚಿನ ಮಾಡುಗಳ ಮೇಲೆ ಬೆಳೆಯುವ ಕಲ್ಲುಹೂವುಗಳನ್ನು (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಲೈಕನ್‌ಗಳನ್ನು) ವಿದ್ಯಾರ್ಥಿಗಳೊಂದಿಗೆ ನೋಡಿ ಪಟ್ಟಿ ಮಾಡುತ್ತಾ ಬಂದಿದ್ದೇನೆ.

ಕಳೆದ ಮಳೆಗಾಲದ ಗಾಳಿಗೆ ನೆರೆಯ ಕುಟುಂಬವೊಂದರ ನಾಗಬನದಲ್ಲಿ ಹೆಬ್ಬಲಸಿನ ಕೊಂಬೆಯೊಂದು ಮುರಿದು ಹೊರಗಿನ ದಾರಿಗೆ ಬಿತ್ತು. ಬನದಿಂದ ಒಂದು ಕಡ್ಡಿಯನ್ನೂ ತರುವ ರೂಢಿ ನಮ್ಮಲ್ಲಿ ಇಲ್ಲದಿರುವುದರಿಂದ ಆ ಮನೆಯ ಹಿರಿಯರನ್ನು ಕೇಳಿದೆ. ದಾರಿಗೆ ಬಿದ್ದುದನ್ನು ಹೇಗೂ ಬದಿಗೆ ಸರಿಸಬೇಕು, ಬೇಕಿದ್ದಷ್ಟು ತೊಗಟೆ ತೆಗೆದುಕೊಳ್ಳಿ ಎಂದು ಅವರು ಒಪ್ಪಿದರು. ಅಂಗೈಯಗಲದ ಒಂದು ತುಂಡನ್ನು ತಂದೆ.

ಅದರ ಮೇಲೆ ಬೂದುಬಿಳುಪಿನ ತೆಳುವಾದ ಪದರವೊಂದು ಸುಣ್ಣ ಬಳಿದಂತೆ ತೊಗಟೆಗೆ ಅಂಟಿಕೊಂಡಿದೆ; ಚಾಕುವಿನ ಮೊನೆಯಿಂದ ಅದನ್ನು ಮಾತ್ರ ಎಬ್ಬಿಸಲು ಬರುವುದಿಲ್ಲ. ಪದರದ ಮೇಲೆ ಎರಡರಿಂದ ಐದು ಮಿಲಿಮೀಟರ್ ಉದ್ದದ ಕಪ್ಪು ಗೆರೆಗಳಿವೆ. ಕೆಲವು ನೇರವಾಗಿವೆ, ಕೆಲವು ಕವಲೊಡೆದಿವೆ. ತಾಳೆಗರಿಯ ಮೇಲಿನ ಅಕ್ಷರದ ಹಾಗಿದೆ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು, ಅದಕ್ಕಿಂತ ಸರಿಯಾದ ವರ್ಣನೆ ನನಗೂ ಹೊಳೆಯಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಪ್ರತಿಯೊಂದು ಗೆರೆಗೂ ಎರಡು ತುಟಿಗಳೂ ನಡುವೆ ಸಣ್ಣ ಸೀಳೂ ಕಾಣುತ್ತವೆ, ತುಟಿಗಳ ಮೇಲೆ ಉದ್ದಕ್ಕೆ ಗೀರುಗಳಿವೆ. ಪದರವನ್ನು ಉಗುರಿನಿಂದ ಕೆರೆದರೆ ಒಳಗಡೆ ಹಳದಿ ಬೆರೆತ ಹಸಿರು ಬಣ್ಣವಿದೆ. ಪ್ರಯೋಗಾಲಯದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿಯನ್ನು ಇಟ್ಟಾಗ ಮೊದಲು ಹಳದಿಯಾಗಿ, ನಿಮಿಷದೊಳಗೆ ಕುಂಕುಮದಷ್ಟು ಕೆಂಪಾಯಿತು.

ಮೊಬೈಲಿನ ಆಪ್ ಒಂದು ಇದನ್ನು ಗ್ರ್ಯಾಫಿಸ್ ಸ್ಕ್ರಿಪ್ಟಾ ಎಂದು ಹೆಸರಿಸಿತು. ನನ್ನ ಬಳಿ ಇರುವ ರಾಜ್ಯದ ಪಟ್ಟಿಯಲ್ಲಿ ಗ್ರ್ಯಾಫಿಸ್ ಕುಲದ ಕೆಳಗೆ ಕೊಟ್ಟಿರುವ ಯಾವ ಪ್ರಭೇದದ ವಿವರಣೆಯೂ ನನ್ನ ಮಾದರಿಗೆ ಪೂರ್ತಿಯಾಗಿ ಹೊಂದುತ್ತಿಲ್ಲ. ಹಾಗಾದರೆ ಇದು ನಮ್ಮ ಜಿಲ್ಲೆಗೆ, ಒಂದು ವೇಳೆ ರಾಜ್ಯಕ್ಕೇ, ಹೊಸದಾಗಿರಬಹುದೇ?

ಇದನ್ನು ಕೇಳಲು ಇನ್ನೊಂದು ಕಾರಣವೂ ಇದೆ. ಆ ಬನದ ಮರಗಳನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿಸುವ ಮಾತು ಕುಟುಂಬದೊಳಗೆ ನಡೆಯುತ್ತಿದೆ. ಇಲ್ಲಿ ಬೇರೆಲ್ಲೂ ಇಲ್ಲದ ಜೀವಿಯೊಂದಿದೆ ಎಂದು ನಾನು ಹೇಳುವಂತಾದರೆ ಅವರು ಮನಸ್ಸು ಬದಲಿಸಿಯಾರು ಎಂಬ ಆಸೆ ನನಗಿದೆ. ಆದರೆ ಗೊತ್ತಿಲ್ಲದ್ದನ್ನು ಹೇಳುವುದೂ ಬೇಡ. ದಯವಿಟ್ಟು ದಾರಿ ತೋರಿಸಿ.

ಉತ್ತರ 1: ಮಂಗಳೂರಿನ ನಿವೃತ್ತ ಉಪನ್ಯಾಸಕ

ಮೇಡಂ, ನೀವು ತೊಗಟೆಯನ್ನು ಕೇಳಿ ತಂದಿದ್ದೀರಿ, ಅಂಗೈಯಗಲಕ್ಕೆ ನಿಲ್ಲಿಸಿದ್ದೀರಿ ಎಂಬುದನ್ನು ಓದಿ ಬಹಳ ಸಂತೋಷವಾಯಿತು. ಈ ಜೀವಿಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥವು. ಅಂಗೈಯಗಲದ ಪದರವೆಂದರೆ ಹಲವು ಮಳೆಗಾಲಗಳ ಬೆಳವಣಿಗೆ.

ಮೊದಲು ಆಪ್ ಕೊಟ್ಟ ಹೆಸರನ್ನು ಬದಿಗಿಡೋಣ. ಅದನ್ನು ತಳ್ಳಿಹಾಕುವ ಸಾಕ್ಷ್ಯ ನಿಮ್ಮ ಕೈಯಲ್ಲೇ ಇದೆ. ಲಿನೇಯಸ್ 1753ರಲ್ಲಿ ಹೆಸರಿಸಿದ ಆ ಪ್ರಭೇದ ಮೂಲತಃ ಯುರೋಪಿನ ಮಾದರಿಗಳನ್ನು ಆಧರಿಸಿದ್ದು, ಉಷ್ಣವಲಯದಲ್ಲಿ ಕಪ್ಪು ಗೆರೆಯಿರುವ ಎಲ್ಲದಕ್ಕೂ ಅದೇ ಹೆಸರನ್ನು ಅಂಟಿಸುವ ಅಭ್ಯಾಸ ಬಹುಕಾಲದಿಂದ ನಡೆದು ಬಂದಿದೆ. ಅದರಲ್ಲಿ ಕಲ್ಲುಹೂವಿನ ವಿಶೇಷ ಆಮ್ಲಗಳು ಇರುವುದಿಲ್ಲ, ಆದ್ದರಿಂದ ಕ್ಷಾರದ ಹನಿಗೆ ಅದು ಕೆಂಪಾಗುವುದಿಲ್ಲ. ನಿಮ್ಮದು ಹಳದಿಯಾಗಿ ಆಮೇಲೆ ಕೆಂಪಾಗಿದೆ. ಅದು ಬಹುಮಟ್ಟಿಗೆ ನಾರ್‌ಸ್ಟಿಕ್ಟಿಕ್ ಆಮ್ಲದ ಲಕ್ಷಣ. ಖಚಿತಪಡಿಸಿಕೊಳ್ಳಲು ಕಪ್ಪು ಗೆರೆಯ ಪಕ್ಕದ ಪದರದ ತೆಳು ಸೀಳೊಂದನ್ನು ಗಾಜುಪಟ್ಟಿಯ ಮೇಲೆ ಕ್ಷಾರದಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ಕಾಯಿರಿ. ಆ ಆಮ್ಲ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಸೂಜಿಯಂತಹ ಕೆಂಪು ಹರಳುಗಳು ಏಳುತ್ತವೆ. ನಾಲ್ಕು ದಶಕಗಳಿಂದ ನೋಡುತ್ತಿದ್ದರೂ ಆ ಹರಳುಗಳು ಏಳುವ ಕ್ಷಣ ನನಗೆ ಇವತ್ತಿಗೂ ಹಳತಾಗಿಲ್ಲ.

ದ್ರಾವಣ ಸುಮಾರು ಶೇಕಡಾ 10ರಷ್ಟಿರಲಿ, ಹಳೆಯ ಬಾಟಲಿಯದು ಬೇಡ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ದುರ್ಬಲವಾಗುತ್ತದೆ. ಮುಂದೆ ಬ್ಲೀಚಿನ ಪರೀಕ್ಷೆಯನ್ನೂ ಮಾಡುವುದಾದರೆ ಬ್ಲೀಚಿಗೆ ಜೀವವಿದೆಯೇ ಎಂದು ಅಡುಗೆಮನೆಯಲ್ಲೇ ನೋಡಬಹುದು. ಮಸಾಲೆಗೆಂದು ಅಂಗಡಿಯಲ್ಲಿ ಸಿಗುವ ಕಲ್ಲುಹೂವಿನಲ್ಲಿ ಪಾರ್ಮೊಟ್ರೀಮಾ ಟಿಂಕ್ಟೋರಂ ಎಂಬ ಅಗಲವಾದ ಎಲೆಯಂಥದ್ದು ಬಹಳ ಸಲ ಸೇರಿರುತ್ತದೆ. ಅದರ ಮೇಲ್ಪದರವನ್ನು ಬ್ಲೇಡಿನಿಂದ ಕೆರೆದು ಒಳಗಿನ ಬಿಳಿ ಭಾಗಕ್ಕೆ ಬ್ಲೀಚ್ ತಾಗಿಸಿದರೆ ಕೂಡಲೇ ಕೆಂಪಾಗಬೇಕು. ಪೊಟ್ಟಣದ ನಾಲ್ಕಾರು ಎಲೆಗಳಲ್ಲಿ ಒಂದೂ ಕೆಂಪಾಗದಿದ್ದರೆ ಬ್ಲೀಚನ್ನು ಚೆಲ್ಲಿ ಹೊಸದನ್ನು ತನ್ನಿ. ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ಮೂರನೆಯ ರಾಸಾಯನಿಕ ವಿಷಕಾರಿ, ವಿದ್ಯಾರ್ಥಿಗಳಿರುವ ಕೋಣೆಯಲ್ಲಿ ಅದು ಬೇಡವೇ ಬೇಡ.

ಇಷ್ಟಾದರೂ ಹೆಸರು ಸಿಗುವುದಿಲ್ಲ. ಈ ಗುಂಪಿನಲ್ಲಿ ಹೆಸರನ್ನು ನಿರ್ಧರಿಸುವುದು ಬೀಜಾಣು. ಕಪ್ಪು ಗೆರೆಯನ್ನು ಹನಿ ನೀರಿನಿಂದ ಮೆತ್ತಗಾಗಿಸಿ, ಹೊಸ ಬ್ಲೇಡಿನಿಂದ ಅಡ್ಡಕ್ಕೆ, ರೊಟ್ಟಿಯ ತುಂಡು ಕೊಯ್ದ ಹಾಗೆ, ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ಕೊಯ್ಯಿರಿ. ಮೊದಲು ನೀರಿನಲ್ಲೇ ನೋಡಿ, ಕ್ಷಾರ ಆಮೇಲೆ. ಕಪ್ಪು ಗೋಡೆ ಬದಿಗಳಲ್ಲಿ ಮಾತ್ರ ಇದೆಯೇ, ಬುಡವನ್ನೂ ಸುತ್ತಿಕೊಂಡಿದೆಯೇ ಎಂಬುದನ್ನು ಚಿತ್ರ ಬರೆದಿಡಿ. ಬೀಜಾಣು ಚೀಲಗಳ ನಡುವಿನ ಅಂಗಾಂಶ ತಿಳಿಯಾಗಿದೆಯೇ, ಎಣ್ಣೆಯ ಸಣ್ಣ ಹನಿಗಳಿಂದ ಮಂಕಾಗಿದೆಯೇ ನೋಡಿ. ಒಂದು ಚೀಲದಲ್ಲಿ ಎಷ್ಟು ಬೀಜಾಣುಗಳಿವೆ, ಅವುಗಳ ಬಣ್ಣವೇನು, ಒಳಗೆ ಅಡ್ಡಗೋಡೆಗಳು ಮಾತ್ರವೇ ಅಥವಾ ಉದ್ದಗೋಡೆಗಳೂ ಸೇರಿ ಇಟ್ಟಿಗೆ ಕಟ್ಟಿದಂತಿವೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಅಯೋಡಿನ್ ಸೇರಿಸಿದಾಗ ಗ್ರ್ಯಾಫಿಸ್ ಬೀಜಾಣುಗಳು ಸಾಮಾನ್ಯವಾಗಿ ನೇರಳೆ ನೀಲಿಗೆ ತಿರುಗುತ್ತವೆ. ಅಳತೆಗೆ ಮುನ್ನ ನಿಮ್ಮ ಸೂಕ್ಷ್ಮದರ್ಶಕದ ಕಣ್ಣುಮಸೂರದ ಅಳತೆಪಟ್ಟಿಯನ್ನು ಒಮ್ಮೆ ಸರಿಹೋಲಿಸಿಕೊಳ್ಳಿ. ಕಾಲೇಜುಗಳಲ್ಲಿ ಇದನ್ನು ಬಿಟ್ಟು ಅಳೆದ ಅಂಕಿಗಳೇ ಹೆಚ್ಚು.

ಬನದ ವಿಚಾರ ನನಗೂ ಸಂಕಟದ್ದೇ. ಆದರೆ "ಬೇರೆಲ್ಲೂ ಇಲ್ಲ" ಎಂಬ ಮಾತನ್ನು ಈಗ ಆಡಬೇಡಿ. ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಯಾರೂ ನೋಡದಿರುವುದೂ ಕಾರಣವಾಗಿರಬಹುದು. ಕಲ್ಲುಹೂವು ಹುಡುಕುವವರು ಸಹಜವಾಗಿಯೇ ಆಗುಂಬೆಯ ಕಡೆ ಘಟ್ಟ ಹತ್ತುತ್ತಾರೆ. ಗದ್ದೆ, ತೋಟ, ಬನಗಳ ನಡುವಿನ ಈ ತಗ್ಗು ನೆಲದಲ್ಲಿ ಬಗ್ಗಿ ನೋಡುವವರು ಕಡಿಮೆ.

ಉತ್ತರ 2: ಕಾರ್ಕಳದ ಕೃಷಿಕ

ಟೀಚರ್ ಅವರಿಗೆ ನಮಸ್ಕಾರ. ನಾನು ಈ ವಿಷಯ ಓದಿದವನಲ್ಲ, ಆದರೆ ನೀವು ಹೇಳಿದಂತಹ ಬಿಳಿ ಪದರ ಮತ್ತು ಕಪ್ಪು ಗೆರೆ ನಮ್ಮ ತೋಟದ ಅಡಿಕೆ ಮರಗಳ ಮೇಲೆ ಧಾರಾಳವಾಗಿದೆ. ಇದು ರೋಗವೆಂದು ತಿಳಿದು ಹಿಂದೊಮ್ಮೆ ನಾನು ಕೆಲಸದವರಿಂದ ಹತ್ತಾರು ಮರಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿಸಿದ್ದೆ. ಅದು ಮರದಿಂದ ಏನನ್ನೂ ಹೀರುವುದಿಲ್ಲ, ತೊಗಟೆಯ ಮೇಲೆ ನಿಲ್ಲಲು ಜಾಗ ಮಾತ್ರ ಬೇಕು ಎಂಬುದನ್ನು ಆಮೇಲೆ ತಿಳಿದು ಬೇಸರವಾಯಿತು. ಉಜ್ಜಿದ ಮರಕ್ಕೂ ಉಜ್ಜದ ಮರಕ್ಕೂ ಫಸಲಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ನಿಮಗೆ ಉಪಯೋಗವಾಗಬಹುದಾದ ಒಂದು ಸಂಗತಿಯನ್ನು ಹೇಳುತ್ತೇನೆ. ಅಡಿಕೆ ಮರದಲ್ಲಿ ಸೋಗೆ ಉದುರಿದ ಕಡೆಯೆಲ್ಲ ಒಂದೊಂದು ಉಂಗುರ ಉಳಿಯುತ್ತದೆ, ವರ್ಷಕ್ಕೆ ಸುಮಾರು ಆರೇಳು ಸೋಗೆ ಬೀಳುತ್ತದೆ. ಮೇಲಿನಿಂದ ಕೆಳಕ್ಕೆ ಉಂಗುರಗಳನ್ನು ಎಣಿಸುತ್ತಾ ಬಂದರೆ ಕಾಂಡದ ಯಾವ ಭಾಗ ಗಾಳಿಬೆಳಕಿಗೆ ತೆರೆದುಕೊಂಡು ಎಷ್ಟು ವರ್ಷವಾಯಿತು ಎಂದು ಅಂದಾಜು ಮಾಡಬಹುದು. ನಮ್ಮ ತೋಟದಲ್ಲಿ ತುದಿಯ ಹಸಿರು ಭಾಗದಲ್ಲಿ ಏನೂ ಇಲ್ಲ, ಸ್ವಲ್ಪ ಕೆಳಗೆ ಬೂದು ಚುಕ್ಕೆಗಳು, ಮತ್ತೂ ಕೆಳಗೆ ಚುಕ್ಕೆಗಳು ಕೂಡಿ ಪದರವಾಗಿವೆ, ಕಪ್ಪು ಗೆರೆಗಳು ಅಲ್ಲಿಂದ ಮೇಲೆ ಹತ್ತುವುದಿಲ್ಲ. ಕೊಯ್ಲಿಗೆ ಮರ ಹತ್ತುವವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ.

ಇನ್ನೊಂದು ಎಚ್ಚರ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಮದ್ದು ಬಿಡುತ್ತೇವೆ, ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಗೊನೆಗೆ ಬಿಟ್ಟದ್ದು ಕಾಂಡದ ಮೇಲೂ ಇಳಿದು ನೀಲಿ ಕಲೆಯಾಗಿ ಒಣಗುತ್ತದೆ. ತೋಟದಿಂದ ಮಾದರಿ ತೆಗೆಯುವಾಗ ಆ ಕಲೆಯನ್ನು ಕಲ್ಲುಹೂವಿನ ಬಣ್ಣವೆಂದು ಬರೆದುಕೊಳ್ಳಬೇಡಿ. ನನ್ನ ತೋಟದ ಮೇಲಿನ ಅಂಚಿನಲ್ಲಿ ನಾಲ್ಕು ವರ್ಷಗಳಿಂದ ಮದ್ದು ಬಿಡದ ಸಾಲೊಂದಿದೆ, ನೀವು ವಿದ್ಯಾರ್ಥಿಗಳೊಂದಿಗೆ ಬರುವುದಾದರೆ ಸ್ವಾಗತ.

ಉತ್ತರ 3: ಮಣಿಪಾಲದ ಸಂಶೋಧನಾ ವಿದ್ಯಾರ್ಥಿನಿ

ಮೇಡಂ, ಸರ್ ಹೇಳಿದ ಬೀಜಾಣುವಿನ ಮಾತಿಗೆ ಒಂದು ಎಳೆಯನ್ನು ಸೇರಿಸುತ್ತೇನೆ, ಏಕೆಂದರೆ ನಾನೇ ಇದೇ ಜಾಗದಲ್ಲಿ ಎಡವಿ ಮೂರು ತಿಂಗಳು ಕಳೆದುಕೊಂಡಿದ್ದೆ.

ಹಿಂದೆ ಇಂತಹ ಗೆರೆಗಳಿರುವ ಕಲ್ಲುಹೂವುಗಳ ಕುಟುಂಬದ ಕುಲಗಳನ್ನು ಬೀಜಾಣುವಿನ ಬಣ್ಣ ಮತ್ತು ಗೋಡೆಗಳ ಲೆಕ್ಕದಲ್ಲೇ ಬೇರ್ಪಡಿಸುತ್ತಿದ್ದರು. ಬಣ್ಣವಿಲ್ಲದೆ ಅಡ್ಡಗೋಡೆ ಮಾತ್ರ ಇದ್ದರೆ ಗ್ರ್ಯಾಫಿಸ್, ಬಣ್ಣವಿಲ್ಲದೆ ಇಟ್ಟಿಗೆಯಂತಿದ್ದರೆ ಗ್ರ್ಯಾಫಿನಾ, ಕಂದು ಬಣ್ಣದ್ದರಲ್ಲಿ ಅಡ್ಡಗೋಡೆಯದು ಫಿಯೋಗ್ರ್ಯಾಫಿಸ್, ಇಟ್ಟಿಗೆಯಂಥದ್ದು ಫಿಯೋಗ್ರ್ಯಾಫಿನಾ. 2002ರಲ್ಲಿ ಬೆಟ್ಟಿನಾ ಸ್ಟೈಗರ್ ಅವರು ಫಲಕಾಯದ, ಅಂದರೆ ಬೀಜಾಣುಗಳನ್ನು ಹೊರುವ ಆ ಕಪ್ಪು ಗೆರೆಯ, ರಚನೆಗೆ ಹೆಚ್ಚು ತೂಕ ಕೊಟ್ಟು ಕುಲಗಳನ್ನು ಪುನಃ ವಿಂಗಡಿಸಿದರು, ಹಳೆಯ ಗ್ರ್ಯಾಫಿನಾದ ಅನೇಕ ಪ್ರಭೇದಗಳು ಗ್ರ್ಯಾಫಿಸ್‌ಗೆ ಬಂದವು. 2009ರಲ್ಲಿ ಲ್ಯೂಕಿಂಗ್ ಮತ್ತು ಸಂಗಡಿಗರು ಈ ಹೊಸ ಅರ್ಥದ ಗ್ರ್ಯಾಫಿಸ್‌ಗೆ ಜಗತ್ತಿನಾದ್ಯಂತದ 330 ಪ್ರಭೇದಗಳ ಗುರುತಿನ ಕೀಲಿಯನ್ನು (ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುತ್ತಾ ಹೆಸರಿಗೆ ತಲುಪುವ ಪಟ್ಟಿಯನ್ನು) ಕೊಟ್ಟರು. ಡಿ. ಡಿ. ಅವಸ್ಥಿಯವರು 1991ರಲ್ಲಿ ಭಾರತ, ನೇಪಾಳ ಮತ್ತು ಶ್ರೀಲಂಕಾದ ಇಂತಹ ಪದರಗಳಿಗೆಂದು ಸಿದ್ಧಪಡಿಸಿದ ಕೀಲಿ ಇಂದಿಗೂ ನಮಗೆ ಆಧಾರವೇ, ಆದರೆ ಅದರಲ್ಲಿರುವುದು ಹಳೆಯ ಕುಲವಿಂಗಡಣೆ. ನಿಮ್ಮ ಪಟ್ಟಿಯೂ ಹಳೆಯದಾಗಿದ್ದರೆ ನೀವು ಹುಡುಕುತ್ತಿರುವ ಪ್ರಭೇದ ಗ್ರ್ಯಾಫಿನಾದ ಪುಟದಲ್ಲಿ ಕುಳಿತಿರಬಹುದು. ನೀವು ಬೀಜಾಣುವನ್ನು ಇನ್ನೂ ನೋಡಿಲ್ಲವಾದ್ದರಿಂದ ಇದು ಊಹೆ ಮಾತ್ರ.

ಎಲ್ಲ ಹಳೆಯ ಹೆಸರುಗಳನ್ನೂ ತಡಕಾಡಿದ ಮೇಲೂ ಸಿಗದಿದ್ದರೆ ಆಗ "ಹೊಸದು" ಎಂಬ ಮಾತು ಬರುತ್ತದೆ. ಜಿಲ್ಲೆಗೆ ಹೊಸದು, ರಾಜ್ಯಕ್ಕೆ ಹೊಸದು, ದೇಶಕ್ಕೆ ಹೊಸದು, ವಿಜ್ಞಾನಕ್ಕೇ ಹೊಸದು ಎಂಬ ನಾಲ್ಕಕ್ಕೂ ಬೇಕಾದ ಸಾಕ್ಷ್ಯ ಬೇರೆಬೇರೆ. 2010ರಲ್ಲಿ ಪ್ರಕಟವಾದ ದೇಶದ ಪಟ್ಟಿಯಲ್ಲಿ 2,303 ಪ್ರಭೇದಗಳಿದ್ದವು, ಆಮೇಲೆ ಬಿಡಿಬಿಡಿಯಾಗಿ ಸೇರಿದವು ಬಹಳ. ಅವು ನಿಯತಕಾಲಿಕೆಗಳಲ್ಲಿ ಹರಡಿಕೊಂಡಿರುವುದರಿಂದ ಒಂದೇ ಪಟ್ಟಿಯನ್ನು ನಂಬುವಂತಿಲ್ಲ. ವಿಜ್ಞಾನಕ್ಕೇ ಹೊಸದಾದರೆ ಮಾದರಿಯೊಂದನ್ನು ಮೂಲಮಾದರಿಯೆಂದು ಗೊತ್ತುಮಾಡಿ, ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವಿವರಣೆ ಕೊಟ್ಟು, ಹೆಸರನ್ನು ನೋಂದಾಯಿಸಬೇಕು. 2013ರಿಂದ ಆ ನೋಂದಣಿ ಕಡ್ಡಾಯ. ನಾವು ಕೊಡುವ ಹೆಸರು ಶಿಲೀಂಧ್ರಕ್ಕೆ ಸಲ್ಲುತ್ತದೆ, ಜೊತೆಗಿರುವ ಪಾಚಿಗೆ ಅದರದೇ ಹೆಸರಿದೆ. ನೀವು ಉಗುರಿನಿಂದ ಕೆರೆದಾಗ ಕಂಡ ಹಳದಿ ಮಿಶ್ರ ಹಸಿರು ಟ್ರೆಂಟಿಪೋಲಿಯಾ ಎಂಬ ಪಾಚಿಯದಾಗಿರಬೇಕು. ಅದೇ ಗುಂಪಿನ ಪಾಚಿ ಒಂಟಿಯಾಗಿ ಬೆಳೆದಾಗ ನಮ್ಮ ಊರಿನ ಪಾಗಾರಗಳಿಗೂ ತೆಂಗಿನ ಕಾಂಡಗಳಿಗೂ ಕಿತ್ತಳೆ ಬಣ್ಣ ಬರುತ್ತದೆ. 2001ರಲ್ಲಿ ಕೇರಳದಲ್ಲಿ ಸುರಿದ ಕೆಂಪು ಮಳೆಗೂ ಇದೇ ಕುಲದ ಬೀಜಾಣುಗಳು ಕಾರಣವೆಂದು ಅಲ್ಲಿನ ವಿಜ್ಞಾನಿಗಳ ವರದಿ ಹೇಳಿತ್ತು.

ಯಾವ ಮಟ್ಟದ ಹೊಸತಾದರೂ ಮಾದರಿ ಒಂದು ಮಾನ್ಯ ಸಂಗ್ರಹಾಲಯದಲ್ಲಿ ಸಂಖ್ಯೆಯೊಂದಿಗೆ ಇರಬೇಕು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಮತ್ತು ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಗಳಲ್ಲಿ ಕಲ್ಲುಹೂವಿನ ದೊಡ್ಡ ಸಂಗ್ರಹಗಳಿವೆ. ಫೋಟೊ ಎಷ್ಟೇ ಚೆನ್ನಾಗಿದ್ದರೂ ಬೀಜಾಣುವನ್ನು ತೋರಿಸುವುದಿಲ್ಲ. ಪೊಟ್ಟಣ ಕಾಗದದ್ದೇ ಆಗಿರಲಿ. ಮಳೆಗಾಲದ ಆಟಿ ತಿಂಗಳಲ್ಲಿ ತಂದ ನನ್ನ ಮೊದಲ ಮಾದರಿಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟು ಒಂದು ವಾರ ಮರೆತಿದ್ದೆ, ತೆರೆದಾಗ ಅವೆಲ್ಲ ಬೂಷ್ಟಿನ ಉಂಡೆಗಳಾಗಿದ್ದವು.

ಪ್ರಶ್ನೆ ಕೇಳಿದವರಿಂದ: ಬ್ರಹ್ಮಾವರದ ಅಧ್ಯಾಪಕಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ಕೊಯ್ಯುವುದನ್ನು ಕಲಿಯಲು ಮೊದಲ ವಾರವೇ ಹೋಯಿತು. ಗೆರೆ ಪುಡಿಯಾಗುತ್ತಿತ್ತು ಅಥವಾ ತುಂಡು ದಪ್ಪವಾಗಿ ಬೆಳಕೇ ಹಾಯುತ್ತಿರಲಿಲ್ಲ. ಕೊನೆಗೆ ತೊಗಟೆಯ ಚೂರನ್ನು ರಾತ್ರಿಯಿಡೀ ಒದ್ದೆ ಕಾಗದದಲ್ಲಿ ಸುತ್ತಿಟ್ಟು ಬೆಳಿಗ್ಗೆ ಕೊಯ್ದಾಗ ಸರಿಯಾದ ಒಂದು ಸೀಳು ಸಿಕ್ಕಿತು. ಕ್ಷಾರದಲ್ಲಿ ಕೆಂಪು ಸೂಜಿಗಳು ಎದ್ದವು. ಮೂವತ್ತು ಮಂದಿ ವಿದ್ಯಾರ್ಥಿಗಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ನೋಡಿದರು, ಬಿಡುವಿನ ಗಂಟೆ ಹೊಡೆದರೂ ಯಾರೂ ಹೊರಗೆ ಹೋಗಲಿಲ್ಲ.

ಬೀಜಾಣುಗಳಿಗೆ ಬಣ್ಣವಿಲ್ಲ. ಒಳಗಿನ ಗೋಡೆಗಳು ಅಡ್ಡಕ್ಕೂ ಉದ್ದಕ್ಕೂ ಇವೆ, ಕೆಂಪುಕಲ್ಲು ಕಟ್ಟಿದ ಗೋಡೆಯ ಗಾರೆಗೆರೆಗಳ ಹಾಗೆ. ಅಯೋಡಿನ್‌ಗೆ ನೇರಳೆಯಾದವು. ಸರಿಹೋಲಿಸಿದ ಅಳತೆಪಟ್ಟಿಯಲ್ಲಿ ಇಪ್ಪತ್ತು ಬೀಜಾಣುಗಳನ್ನು ಅಳೆದೆ, ಉದ್ದ 34ರಿಂದ 46 ಮೈಕ್ರೊಮೀಟರ್ ಬಂತು. ಅಂದರೆ ಮಣಿಪಾಲದವರ ಊಹೆ ಸರಿಯಾಗಿತ್ತು, ನಾನು ಹುಡುಕುತ್ತಿದ್ದುದು ತಪ್ಪು ಪುಟದಲ್ಲಿ. ಗ್ರ್ಯಾಫಿನಾದ ಕೆಳಗೆ ಹುಡುಕಿದಾಗ ನನ್ನ ಮಾದರಿಗೆ ಹತ್ತಿರವಾಗುವ ಎರಡು ಹೆಸರುಗಳು ಉಳಿದಿವೆ. ಚೀಲಗಳ ನಡುವಿನ ಅಂಗಾಂಶದಲ್ಲಿ ಎಣ್ಣೆಯ ಹನಿಗಳಿವೆಯೇ ಇಲ್ಲವೇ ಎಂಬಲ್ಲಿ ಅವೆರಡೂ ಬೇರೆಯಾಗುತ್ತವೆ. ನನ್ನ ಒಂದು ಸೀಳಿನಲ್ಲಿ ಹನಿಗಳಿದ್ದಂತೆ ಕಂಡಿತು, ಇನ್ನೊಂದರಲ್ಲಿ ತಿಳಿಯಾಗಿತ್ತು.

ಕಾರ್ಕಳದ ತೋಟಕ್ಕೂ ಹೋಗಿ ಬಂದೆವು. ಮದ್ದು ಬಿಡದ ಸಾಲಿನ ಅಡಿಕೆ ಮರದಿಂದ ಹೆಬ್ಬೆರಳಿನ ಉಗುರಿನಷ್ಟು ತೆಗೆದೆವು. ನೋಡಲು ಬನದ್ದರ ಹಾಗೆಯೇ ಇದ್ದರೂ ಅದು ಕ್ಷಾರಕ್ಕೆ ಬಣ್ಣ ಬದಲಿಸಲಿಲ್ಲ, ಬೀಜಾಣುವಿನಲ್ಲಿ ಅಡ್ಡಗೋಡೆಗಳು ಮಾತ್ರ ಇವೆ. ಬರಿಗಣ್ಣಿಗೆ ಒಂದೇ ಎಂದು ನಾನು ಪಟ್ಟಿಯಲ್ಲಿ ಸೇರಿಸಿದ್ದ ಎರಡು ವರ್ಷಗಳ ದಾಖಲೆಗಳನ್ನು ಈಗ ಮೊದಲಿನಿಂದ ನೋಡಬೇಕಾಗಿದೆ.

ಬನದ ಹಿರಿಯರು ನಿನ್ನೆ ದಾರಿಯಲ್ಲಿ ಸಿಕ್ಕಿ, "ಅದು ಬೇರೆಲ್ಲಿಯೂ ಇಲ್ಲದ್ದೇ?" ಎಂದು ಅವರೇ ಕೇಳಿದರು. ಗೊತ್ತಾಗಿಲ್ಲ, ಆದರೆ ನಾನು ನೋಡಿದ ಹದಿನಾಲ್ಕು ಜಾಗಗಳಲ್ಲಿ ನಿಮ್ಮ ಬನದ ಮರದಲ್ಲಿ ಮಾತ್ರ ಸಿಕ್ಕಿದೆ ಎಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ಮಸೂರ ತಂದರೆ ನಾನೂ ನೋಡಬಹುದೇ ಎಂದು ಕೇಳಿದರು. ಭಾನುವಾರ ಹೋಗುತ್ತಿದ್ದೇನೆ.

ಉತ್ತರ 4: ಮಂಗಳೂರಿನ ನಿವೃತ್ತ ಉಪನ್ಯಾಸಕ

ಮೇಡಂ, ಹನಿಗಳ ವಿಚಾರದಲ್ಲಿ ಎರಡು ಸೀಳುಗಳು ಸಾಲವು. ಎಳೆಯ ಗೆರೆಯಲ್ಲಿ ತಿಳಿಯಾಗಿದ್ದು ಬಲಿತ ಗೆರೆಯಲ್ಲಿ ಮಂಕಾಗಿರುವುದುಂಟು. ಸೀಳು ದಪ್ಪವಾದರೂ ಮಂಕಾಗಿ ಕಾಣುತ್ತದೆ. ತೊಗಟೆಯ ಬೇರೆಬೇರೆ ಭಾಗದ ಐದಾರು ಬಲಿತ ಗೆರೆಗಳನ್ನು ಕೊಯ್ದು, ಕ್ಷಾರ ತಾಗಿಸದೆ ನೀರಿನಲ್ಲೇ ನೋಡಿ ಬರೆಯಿರಿ. ಪೊಟ್ಟಣವನ್ನು ಸಂಗ್ರಹಾಲಯಕ್ಕೆ ಕಳುಹಿಸುವಾಗ ಎಲ್ಲವನ್ನೂ ಕಳುಹಿಸಬೇಡಿ, ಅರ್ಧವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಅಂಚೆಯಲ್ಲಿ ನಲುಗದಂತೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ. ಚೀಟಿಯಲ್ಲಿ ಮರದ ಹೆಸರು, ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ, ಬಿದ್ದ ಕೊಂಬೆಯದು ಎಂಬ ಮಾತು ಇವಿಷ್ಟೂ ಇರಲಿ.

ಭಾನುವಾರ ಹೋಗುವಾಗ ದುರ್ಬೀನನ್ನೂ ಒಯ್ಯಿರಿ. ಕೊಂಬೆ ಮುರಿದ ಜಾಗದ ಆಚೀಚೆ ಅದೇ ಬಿಳಿ ಪದರ ಇನ್ನೂ ಇದೆಯೇ, ಪಕ್ಕದ ಮರಗಳಿಗೂ ಹರಡಿದೆಯೇ ಎಂಬುದನ್ನು ಬನದ ಹೊರಗೆ ನಿಂತೇ ನೋಡಬಹುದು. ಹಿರಿಯರಿಗೂ ಒಮ್ಮೆ ಕೊಡಿ. ಕಂಡದ್ದನ್ನು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.